ಪರದೇಶದಲ್ಲಿ ಸ್ವಂತ ವ್ಯಾಪಾರ: ಹೊರಡುವ ಮೊದಲು



ಗೂಡಲೂರು, ದೇವಾಲ, ಪಂದಲೂರು, ಮಸಿನಗುಡಿ ಕಡೆಯ ನಮ್ಮ ಹಳ್ಳಿಗಳಿಗೆ ಪರದೇಶವೆಂಬುದು ಹೊಸ ಮಾತಲ್ಲ. ಒಂದು ಮನೆಯ ಮಗ ದುಬೈಯಲ್ಲಿರುತ್ತಾನೆ, ಪಕ್ಕದ ಮನೆಯ ಅಳಿಯ ಮಸ್ಕತ್ತಿನಲ್ಲಿರುತ್ತಾನೆ. ಕೂಲಿಗೆ, ಸಂಬಳಕ್ಕೆ ಹೋದವರ ಕಷ್ಟಸುಖವನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಇಂದು ನಾನು ಮಾತನಾಡಬೇಕೆಂದಿರುವುದು ಇನ್ನೊಂದು ಬಗೆಯ ಪ್ರಯಾಣದ ಬಗ್ಗೆ. ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಂಡು, ಯಾರ ಕೈಕೆಳಗೂ ದುಡಿಯದೆ, ದೂರದ ದೇಶದಲ್ಲಿ ಸ್ವಂತ ಅಂಗಡಿಯನ್ನೋ ಹೋಟೆಲನ್ನೋ ತೆರೆದು ಯಜಮಾನನಾಗಿ ಬಾಳಬೇಕೆಂದು ಹೊರಡುವವರ ಬಗ್ಗೆ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಹೇಗೆಂದು ಮೊದಲು ಹೇಳುತ್ತೇನೆ. ನಾನು ಬಹಳ ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಊರಿನವರು ಈಗಲೂ ಕಾಗದಪತ್ರ ಹಿಡಿದುಕೊಂಡು ಬರುವುದುಂಟು. ಕೆಲವು ತಿಂಗಳ ಹಿಂದೆ ಗೂಡಲೂರು ಪಕ್ಕದ ಹಳ್ಳಿಯ ಹಿರಿಯರೊಬ್ಬರು ಬಂದರು. ಅವರಿಗೆ ಎರಡು ಎಕರೆ ಟೀ ತೋಟ. ಮಗ ಒಂಬತ್ತು ವರ್ಷದಿಂದ ಕೊಲ್ಲಿ ದೇಶವೊಂದರ ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದಾನೆ. ಈಗ ಅಲ್ಲೇ ಸ್ವಂತ ಹೋಟೆಲು ಹಾಕುತ್ತೇನೆ, ತೋಟ ಮಾರಿ ಹಣ ಕಳಿಸಿ ಎಂದು ಫೋನು ಮಾಡಿದ್ದಾನೆ. "ಏನ್ ಸಾರ್, ತೋಟ ಕೊಟ್ಟುಬುಡ್ಲಾ?" ಎಂದು ಆ ಹಿರಿಯರು ಕೇಳಿದರು. ಎದುರಿಗಿದ್ದ ಕಾಫಿ ಆರಿಹೋಗುತ್ತಿತ್ತು, ಅವರು ಲೋಟ ಮುಟ್ಟಲಿಲ್ಲ.

ಕೊಡಿ ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ನಾಳೆ ಬನ್ನಿ ಎಂದೆ. ಆ ರಾತ್ರಿ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪನ ಮಗನ ಕಥೆ.

ನಮ್ಮ ಅಣ್ಣ ಕೊಲ್ಲಿಯ ಒಂದು ಊರಿನಲ್ಲಿ ಹನ್ನೊಂದು ವರ್ಷ ದಿನಸಿ ಅಂಗಡಿ ನಡೆಸಿದ. ಬೆಳಗಿನ ಐದಕ್ಕೆ ಬಾಗಿಲು ತೆಗೆದರೆ ರಾತ್ರಿ ಹನ್ನೆರಡಕ್ಕೆ ಮುಚ್ಚುತ್ತಿದ್ದ. ಬಂಡವಾಳ ಅವನದು, ದುಡಿಮೆ ಅವನದು, ಗಿರಾಕಿಗಳ ಪರಿಚಯವೂ ಅವನದೇ. ಆದರೆ ಲೈಸೆನ್ಸು ಮಾತ್ರ ಆ ದೇಶದ ಒಬ್ಬ ಯಜಮಾನರ ಹೆಸರಿನಲ್ಲಿತ್ತು. ಅವರನ್ನು ಅಲ್ಲಿ ಕಫೀಲ್ ಎನ್ನುತ್ತಾರೆ. ಅವರಿಗೆ ವರ್ಷಕ್ಕೆ ಇಷ್ಟು ಎಂದು ಕೊಟ್ಟರಾಯಿತು, ವ್ಯಾಪಾರ ನಿನ್ನದೇ ಎಂಬ ಬಾಯಿಮಾತಿನ ಒಪ್ಪಂದ. ಆ ಯಜಮಾನರು ಒಳ್ಳೆಯವರೇ, ಕೊಟ್ಟ ಮಾತಿಗೆ ತಪ್ಪಿದವರಲ್ಲ. ಆದರೆ ಒಂದು ದಿನ ಅವರು ತೀರಿಕೊಂಡರು. ಮಕ್ಕಳು ಬಂದು ಲೈಸೆನ್ಸು ನಮ್ಮ ತಂದೆಯದು, ಅಂಗಡಿಯೂ ನಮ್ಮದು ಎಂದರು. ಅಣ್ಣ ಯಾರ ಬಳಿ ದೂರು ಕೊಡಬೇಕು? ಕಾಗದದ ಮೇಲೆ ಅವನು ಆ ಅಂಗಡಿಯ ಕೆಲಸಗಾರ, ಅಷ್ಟೇ. ಎರಡು ಪೆಟ್ಟಿಗೆ ಹಿಡಿದುಕೊಂಡು ಊರಿಗೆ ಬಂದ. ಹನ್ನೊಂದು ವರ್ಷದಲ್ಲಿ ಅವನಿಗೆ ಉಳಿದದ್ದು ಆ ಎರಡು ಪೆಟ್ಟಿಗೆ.

ಕೇಳುಗರೇ, ಸಂಬಳಕ್ಕೆ ಹೋದವನಿಗೂ ಸ್ವಂತ ವ್ಯಾಪಾರಕ್ಕೆ ಹೋದವನಿಗೂ ಇರುವ ವ್ಯತ್ಯಾಸ ಇಲ್ಲಿದೆ. ಸಂಬಳದವನಿಗೆ ಒಂದು ತಿಂಗಳ ಸಂಬಳ ಬಾಕಿಯಾದರೆ ಕೇಳಲು ಕಾರ್ಮಿಕ ಇಲಾಖೆಯಿದೆ, ನಮ್ಮ ದೂತಾವಾಸವಿದೆ. ಯಜಮಾನನಾಗಿ ಹೋದವನನ್ನು ಕಾಯುವುದು ಅವನ ಕಾಗದ ಮಾತ್ರ. ಅಂಗಡಿಯ ಬೋರ್ಡಿನಲ್ಲಿ ಯಾರ ಹೆಸರಿದ್ದರೂ ಇರಲಿ. ಲೈಸೆನ್ಸಿನಲ್ಲಿ, ಬಾಡಿಗೆ ಕರಾರಿನಲ್ಲಿ, ಬ್ಯಾಂಕಿನ ಖಾತೆಯಲ್ಲಿ ಯಾರ ಹೆಸರಿದೆ ಎಂಬುದೇ ಮುಖ್ಯ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತು ಕೇಳಬೇಕು.

ಇದಕ್ಕೆ ಉದಾಹರಣೆ ಹುಡುಕಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಗೂಡಲೂರು, ಪಂದಲೂರು, ಕೋತಗಿರಿ ಕಡೆ ಟ್ಯಾನ್‌ಟೀ ಲೈನುಮನೆಗಳಲ್ಲಿರುವ ನಮ್ಮ ನೆರೆಯವರನ್ನೇ ನೋಡಿ. ಅವರ ಹಿರಿಯರು ಸಿಲೋನಿನ ತೋಟಗಳಿಗೆ ಕೂಲಿಗೆ ಹೋದವರು. ಎರಡು ಮೂರು ತಲೆಮಾರು ಅಲ್ಲೇ ಹುಟ್ಟಿ ಬೆಳೆದರು. ಆದರೆ 1948ರ ಪೌರತ್ವ ಕಾಯಿದೆ ಬಂದಾಗ ಅವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಒಪ್ಪಂದ ಮಾಡಿಕೊಂಡರು. 5,25,000 ಜನರನ್ನು ಭಾರತ ತೆಗೆದುಕೊಳ್ಳುವುದು, 3,00,000 ಜನರನ್ನು ಸಿಲೋನ್ ಇಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು. ಹಾಗೆ ಬಂದವರಿಗೆ ಕೆಲಸ ಕೊಡಲೆಂದೇ ನಮ್ಮ ಗುಡ್ಡಗಳಲ್ಲಿ ಸರ್ಕಾರದ ಟೀ ತೋಟಗಳನ್ನು ಎಬ್ಬಿಸಿದರು. ಮೂರು ತಲೆಮಾರಿನ ದುಡಿಮೆ ಇದ್ದರೂ ಕೈಯಲ್ಲಿ ಕಾಗದವಿರಲಿಲ್ಲ.

ಅವರು ಕೂಲಿಯವರು, ವ್ಯಾಪಾರಸ್ಥರ ಮಾತೇ ಬೇರೆ ಎನ್ನಬಹುದು. ಹಾಗೇನೂ ಇಲ್ಲ. 1964ರಲ್ಲಿ ಬರ್ಮಾದ ಸರ್ಕಾರ ಅಂಗಡಿಗಳನ್ನು ರಾಷ್ಟ್ರೀಕರಣ ಮಾಡಿದಾಗ ರಂಗೂನಿನ ಭಾರತೀಯ ವ್ಯಾಪಾರಿಗಳು ಬರಿಗೈಯಲ್ಲಿ ಮದರಾಸಿನ ಹಡಗು ಹತ್ತಿದರು. 1972ರ ಆಗಸ್ಟಿನಲ್ಲಿ ಉಗಾಂಡದ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಏಷ್ಯದವರನ್ನು ಹೊರಡಿಸಿದಾಗ ದೊಡ್ಡ ದೊಡ್ಡ ಕಾರ್ಖಾನೆಗಳ ಒಡೆಯರೂ ಬೀಗದ ಕೈ ಬಿಟ್ಟು ಬಂದರು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನ ಮೇಲೆ ಬಿದ್ದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನಗಳಲ್ಲಿ ಕರೆತರಲಾಯಿತು. ಅವರಲ್ಲಿ ಅಂಗಡಿ ಮುಂಗಟ್ಟು ಇದ್ದವರೂ ಇದ್ದರು. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಪರದೇಶದ ವ್ಯಾಪಾರಕ್ಕೆ ಹೋಗುವವನು ಹಿಂದಿರುಗುವ ದಾರಿಯನ್ನೂ ಉಳಿಸಿಕೊಂಡೇ ಹೋಗಬೇಕು ಎನ್ನುವುದಕ್ಕಾಗಿ ಹೇಳಿದೆ.

ಇನ್ನೊಂದು ಮುಖವನ್ನೂ ನೋಡೋಣ. ಹೋಗಿ ಗೆದ್ದವರೂ ಇದ್ದಾರೆ. ಉಡುಪಿ ಕಡೆಯ ಬಿ.ಆರ್. ಶೆಟ್ಟಿಯವರ ಹೆಸರನ್ನು ತಾವು ಕೇಳಿರಬಹುದು. 1973ರಲ್ಲಿ ಅಬುಧಾಬಿಗೆ ಹೋದರು. ಮೊದಲು ಔಷಧ ಮಾರುವ ಕೆಲಸದಲ್ಲಿ ತಿರುಗಾಡಿದರು. ಊರಿಗೆ ಏನು ಬೇಕು, ಏನು ಇಲ್ಲ ಎಂಬುದನ್ನು ಬಿಸಿಲಿನಲ್ಲಿ ನಡೆದು ತಿಳಿದುಕೊಂಡ ಮೇಲೆ, 1975ರಲ್ಲಿ ಎನ್.ಎಂ.ಸಿ. ಎಂಬ ಹೆಸರಿನಲ್ಲಿ ಸಣ್ಣದಾಗಿ ವೈದ್ಯಕೀಯ ಸೇವೆ ಆರಂಭವಾಯಿತು. 2012ರಲ್ಲಿ ಆ ಸಂಸ್ಥೆ ಲಂಡನ್ನಿನ ಷೇರುಪೇಟೆಯನ್ನೇ ಹತ್ತಿತು. ಆದರೆ 2019ರ ಡಿಸೆಂಬರಿನಲ್ಲಿ ಅದರ ಲೆಕ್ಕಪತ್ರದ ಬಗ್ಗೆ ಪ್ರಶ್ನೆಗಳೆದ್ದವು. ಮೊದಲು ತೋರಿಸಿದ್ದಕ್ಕಿಂತ ಬಹಳ ಹೆಚ್ಚಿನ ಸಾಲ ಹೊರಬಿತ್ತು. 2020ರ ಏಪ್ರಿಲಿನಲ್ಲಿ ಸಂಸ್ಥೆ ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ತಮಗೆ ತಿಳಿಯದೆಯೇ ಮೋಸ ನಡೆಯಿತೆಂಬುದು ಶೆಟ್ಟಿಯವರ ವಾದ. ಆ ವಿಚಾರ ಹಲವು ದೇಶಗಳ ನ್ಯಾಯಾಲಯಗಳನ್ನು ಕಂಡಿದೆ, ಅದರ ತೀರ್ಪು ನಮ್ಮ ಕೆಲಸವಲ್ಲ. ನಾವು ತೆಗೆದುಕೊಳ್ಳಬೇಕಾದ್ದು ಎರಡು ಮಾತು. ಆರಂಭದಲ್ಲಿ ಎರಡು ವರ್ಷ ಆ ಊರನ್ನು ಕಲಿತದ್ದು ಮೊದಲನೆಯದು. ವ್ಯಾಪಾರ ಎಷ್ಟೇ ದೊಡ್ಡದಾಗಲಿ, ಲೆಕ್ಕದ ಪುಸ್ತಕ ಇನ್ನೊಬ್ಬರ ಕೈಯಲ್ಲಿದ್ದರೆ ಅಪಾಯ ಎಂಬುದು ಎರಡನೆಯದು.

ಇನ್ನು ಕಾಯಿದೆಯ ವಿಷಯಕ್ಕೆ ಬರೋಣ. ನಮ್ಮ ಅಣ್ಣನ ಕಾಲಕ್ಕೂ ಈಗಿನ ಕಾಲಕ್ಕೂ ಕೊಲ್ಲಿಯಲ್ಲಿ ಬಹಳ ಬದಲಾವಣೆ ಆಗಿದೆ. ಅದು ತಿಳಿಯದೆ ಹಳೆಯ ರೂಢಿಯಲ್ಲೇ ಹೋಗುವವರು ಈಗಲೂ ಇದ್ದಾರೆ.

ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ, ಅಂದರೆ ದುಬೈ, ಅಬುಧಾಬಿ, ಶಾರ್ಜಾಗಳಿರುವ ದೇಶದಲ್ಲಿ, ಮೊದಲು ಪೇಟೆಯೊಳಗೆ ಕಂಪನಿ ಮಾಡಬೇಕಾದರೆ ಸಾಮಾನ್ಯವಾಗಿ ನೂರಕ್ಕೆ 51 ಪಾಲು ಆ ದೇಶದವರ ಹೆಸರಿನಲ್ಲಿರಬೇಕಿತ್ತು. ಪೂರ್ತಿ ನಮ್ಮದೇ ಬೇಕೆಂದರೆ 1985ರಲ್ಲಿ ಜೆಬೆಲ್ ಅಲಿಯಲ್ಲಿ ಶುರುವಾದಂಥ ಮುಕ್ತ ವಲಯಗಳಿಗೆ ಹೋಗಬೇಕಿತ್ತು. 2021ರ ಜೂನ್ 1ರಿಂದ ಈ ನಿಯಮ ಸಡಿಲವಾಯಿತು. ಈಗ ಬಹುಪಾಲು ವ್ಯಾಪಾರಗಳಲ್ಲಿ ಪೂರ್ತಿ ನೂರು ಪಾಲನ್ನೂ ಹೊರದೇಶದವರು ತಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಬಹುದು. ಹಾಗಿರುವಾಗ "ಹೆಸರು ನನ್ನದಿರಲಿ, ವ್ಯಾಪಾರ ನಿನ್ನದು" ಎಂದು ಯಾರಾದರೂ ಹೇಳಿದರೆ, ಏಕೆ ಎಂದು ಕೇಳುವ ಹಕ್ಕು ನಿಮಗಿದೆ.

ಸೌದಿ ಅರೇಬಿಯಾದಲ್ಲಿ ಇದು ಇನ್ನೂ ಕಠಿಣ. ಅಲ್ಲಿ ಸೌದಿಯವರ ಹೆಸರಿನಲ್ಲಿ ಲೈಸೆನ್ಸು ಮಾಡಿಸಿ ಹೊರದೇಶದವನು ವ್ಯಾಪಾರ ನಡೆಸುವುದನ್ನು ತಸತ್ತುರ್, ಅಂದರೆ ಮರೆಮಾಚುವುದು, ಎನ್ನುತ್ತಾರೆ. 2020ರ ಕಾಯಿದೆಯಂತೆ ಅದು ಅಪರಾಧ. ಐದು ವರ್ಷದವರೆಗೆ ಸೆರೆ, 50 ಲಕ್ಷ ರಿಯಾಲಿನವರೆಗೆ ದಂಡ ಬೀಳಬಹುದು. ಹೊರದೇಶದವನನ್ನು ಗಡೀಪಾರು ಮಾಡುತ್ತಾರೆ. ಅಂದರೆ ನಮ್ಮ ಅಣ್ಣನಂತೆ ಬಾಯಿಮಾತಿನ ಮೇಲೆ ಅಂಗಡಿ ನಡೆಸುವವನು ಅಲ್ಲಿ ನಷ್ಟಕ್ಕೆ ಮಾತ್ರವಲ್ಲ, ಜೈಲಿಗೂ ಹತ್ತಿರದಲ್ಲಿರುತ್ತಾನೆ. ವರ್ಷಗಟ್ಟಲೆ ನಡೆದುಬಂದಿದೆ, ಏನೂ ಆಗುವುದಿಲ್ಲ ಎಂಬ ಧೈರ್ಯ ಬೇಡ.

ಕೊಲ್ಲಿಯಲ್ಲಿ ತೆರಿಗೆಯೇ ಇಲ್ಲ ಎಂಬ ಮಾತೂ ಹಳೆಯದಾಯಿತು. ಎಮಿರೇಟ್ಸಿನಲ್ಲಿ 2018ರ ಜನವರಿಯಿಂದ ಮಾರಾಟದ ಮೇಲೆ ನೂರಕ್ಕೆ 5ರಷ್ಟು ತೆರಿಗೆಯಿದೆ. 2023ರ ಜೂನ್‌ನಿಂದ ವ್ಯಾಪಾರದ ಲಾಭ ವರ್ಷಕ್ಕೆ 3,75,000 ದಿರ್ಹಮ್ ದಾಟಿದರೆ ದಾಟಿದ ಭಾಗಕ್ಕೆ ನೂರಕ್ಕೆ 9ರ ತೆರಿಗೆಯಿದೆ. ಅಲ್ಲಿ ಅಂಗಡಿಯ ಬಾಡಿಗೆಯನ್ನು ಮುಂದಿನ ತಾರೀಖಿನ ಚೆಕ್ಕುಗಳಲ್ಲಿ ಮೊದಲೇ ಕೊಡುವ ಪದ್ಧತಿ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಹಿಂದಿರುಗಿದರೆ ಹಿಂದೆ ನೇರವಾಗಿ ಪೊಲೀಸ್ ಠಾಣೆಗೆ ಹೋಗುತ್ತಿತ್ತು. 2022ರ ಜನವರಿಯಿಂದ ಮೋಸದ ಉದ್ದೇಶವಿಲ್ಲದ ಪ್ರಕರಣಗಳು ಹೆಚ್ಚಾಗಿ ಸಿವಿಲ್ ದಾವೆಯಾಗಿವೆ. ಹಾಗೆಂದು ನಿರಾಳವಾಗುವಂತಿಲ್ಲ. ಬಾಕಿ ತೀರುವವರೆಗೆ ದೇಶ ಬಿಟ್ಟು ಹೋಗದಂತೆ ತಡೆ ಬರಬಹುದು. ಊರಿನಲ್ಲಿ ತಾಯಿಗೆ ಹುಷಾರಿಲ್ಲ ಎಂದು ಫೋನು ಬಂದಾಗ ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸಿದರೆ ಹೇಗಿರುತ್ತದೆ ಎಂದು ಯೋಚಿಸಿ.

ಕೊಲ್ಲಿಯನ್ನು ಬಿಟ್ಟು ಯೂರೋಪು, ಅಮೆರಿಕ ಎನ್ನುವವರೂ ಈಗ ನಮ್ಮಲ್ಲಿದ್ದಾರೆ. ಅಲ್ಲಿಯ ಬಾಗಿಲುಗಳ ಬಗ್ಗೆಯೂ ಎರಡು ಮಾತು. ಅಮೆರಿಕದಲ್ಲಿ ಸಣ್ಣ ವ್ಯಾಪಾರ ಮಾಡಲು ಬರುವವರಿಗೆ ಇ-2 ಎಂಬ ವೀಸಾ ಇದೆ. ಆದರೆ ಅದು ಅಮೆರಿಕದೊಡನೆ ಒಪ್ಪಂದವಿರುವ ದೇಶಗಳ ಪ್ರಜೆಗಳಿಗೆ ಮಾತ್ರ. ಭಾರತ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಭಾರತದ ಪಾಸ್‌ಪೋರ್ಟಿನ ಮೇಲೆ ಇ-2 ಕೊಡಿಸುತ್ತೇನೆ ಎನ್ನುವ ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ಹೂಡಿ ನೆಲೆಸುವ ಇನ್ನೊಂದು ದಾರಿ ಇ.ಬಿ.-5. ಅದಕ್ಕೆ 2022ರಿಂದ ಕನಿಷ್ಠ 8 ಲಕ್ಷ ಡಾಲರು ಹೂಡಬೇಕು, ಹತ್ತು ಜನರಿಗೆ ಉದ್ಯೋಗ ಸೃಷ್ಟಿಯಾಗಬೇಕು. ನಮ್ಮ ಎರಡು ಎಕರೆ ತೋಟದ ಮಾತಲ್ಲ ಅದು.

ಪೋರ್ಚುಗಲ್ಲಿನಲ್ಲಿ ಡಿ-7 ಎಂಬ ವೀಸಾ ಇದೆ. ಪಿಂಚಣಿ, ಬಾಡಿಗೆ, ಷೇರಿನ ಲಾಭ ಮೊದಲಾದ ಸ್ಥಿರ ಆದಾಯದ ಮೇಲೆ ಯಾರ ಹಂಗಿಲ್ಲದೆ ಬದುಕಬಲ್ಲವರಿಗೆ ಅದು. ಆ ದೇಶದ ಕನಿಷ್ಠ ವೇತನದಷ್ಟಾದರೂ ಆದಾಯ ತೋರಿಸಬೇಕು. ಸ್ವಂತ ಉದ್ಯಮ ನಡೆಸುವವರಿಗೆ ಡಿ-2 ಎಂಬುದು ಬೇರೆ. ಹಣವಿದ್ದರೆ ಸಾಕು, ಮನೆ ಕೊಂಡರೆ ನೆಲೆಸಬಹುದು ಎಂಬ ಕಾಲ ಮುಗಿಯುತ್ತಾ ಬಂದಿದೆ. ಬ್ರಿಟನ್ನು ತನ್ನ ಹೂಡಿಕೆದಾರರ ವೀಸಾವನ್ನು 2022ರ ಫೆಬ್ರವರಿಯಲ್ಲಿ ಮುಚ್ಚಿತು. ಪೋರ್ಚುಗಲ್ಲು ಮನೆ ಕೊಂಡು ವೀಸಾ ಪಡೆಯುವ ದಾರಿಯನ್ನು 2023ರ ಅಕ್ಟೋಬರಿನಲ್ಲಿ ಮುಚ್ಚಿತು. ಸ್ಪೇನು 2025ರ ಏಪ್ರಿಲಿನಲ್ಲಿ ನಿಲ್ಲಿಸಿತು. ನಿನ್ನೆ ಇದ್ದ ಬಾಗಿಲು ಇಂದು ಇರುವುದಿಲ್ಲ. ಆದ್ದರಿಂದ ಯಾರೋ ಹೋದರಂತೆ ಎಂಬ ಮಾತು ನಂಬದೆ ಆ ದೇಶದ ದೂತಾವಾಸದಿಂದಲೇ ಅಂದಿನ ನಿಯಮ ತಿಳಿದುಕೊಳ್ಳಬೇಕು.

ಅಂತೆಕಂತೆ ನಂಬಿ ಹಣ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇವಾಲ, ಪಂದಲೂರುಗಳೇ ಸಾಕ್ಷಿ. 1880ರ ಆಸುಪಾಸಿನಲ್ಲಿ ಇಲ್ಲಿ ಚಿನ್ನವಿದೆ ಎಂಬ ಸುದ್ದಿ ಹಬ್ಬಿತು. ಸಾವಿರಾರು ಮೈಲಿ ದೂರದ ಲಂಡನ್ನಿನಲ್ಲಿ ಕಂಪನಿಗಳ ಮೇಲೆ ಕಂಪನಿಗಳು ಹುಟ್ಟಿದವು. ನಮ್ಮ ಗುಡ್ಡವನ್ನು ಕಣ್ಣಿನಿಂದ ನೋಡದ ಜನ ಷೇರು ಕೊಂಡರು. ಯಂತ್ರಗಳು ಬಂದವು, ಸುರಂಗಗಳನ್ನು ತೋಡಿದರು. ಚಿನ್ನ ಇಲ್ಲವೆಂದಲ್ಲ, ಇತ್ತು. ಖರ್ಚು ಗಿಟ್ಟುವಷ್ಟು ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲ ಮುಚ್ಚಿತು. ಆ ಸುರಂಗಗಳ ಬಾಯಿ ಇಂದಿಗೂ ಟೀ ಗಿಡಗಳ ನಡುವೆ ತೆರೆದುಕೊಂಡಿದೆ. ದೂರದೇಶದಲ್ಲಿ ವ್ಯಾಪಾರಕ್ಕೆ ಹಣ ಹಾಕುವ ಮೊದಲು ಸ್ಥಳವನ್ನು ಸ್ವಂತ ಕಣ್ಣಿನಿಂದ ನೋಡಬೇಕು ಎಂಬ ಪಾಠ ನಮ್ಮ ಹಿತ್ತಿಲಲ್ಲೇ ಬಿದ್ದಿದೆ.

ಈಗ ಹಣ ಕಳಿಸುವ ದಾರಿ. ಇಲ್ಲಿ ವಾಸವಾಗಿರುವ ಯಾವ ಭಾರತೀಯನೂ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರಿನವರೆಗೆ ಬ್ಯಾಂಕಿನ ಮೂಲಕವೇ ಹೊರದೇಶಕ್ಕೆ ಕಳಿಸಬಹುದು. ಇದು ರಿಸರ್ವ್ ಬ್ಯಾಂಕು 2004ರಲ್ಲಿ ತಂದ ಯೋಜನೆ, ಈಗಿನ ಮಿತಿ 2015ರಿಂದ ಇದೆ. ತಂದೆ ಮಗನಿಗೆ ಹೀಗೆ ಹಣ ಕಳಿಸಲು ಅಡ್ಡಿಯಿಲ್ಲ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ವ್ಯಾಪಾರ, ಉಡುಗೊರೆ ಮುಂತಾದ ಉದ್ದೇಶಕ್ಕೆ ದಾಟಿದ ಭಾಗದ ಮೇಲೆ ನೂರಕ್ಕೆ 20ರಂತೆ ಬ್ಯಾಂಕು ಮುಂಗಡ ತೆರಿಗೆ ಹಿಡಿಯುತ್ತದೆ. ಈ 10 ಲಕ್ಷದ ಮಿತಿ 2025ರ ಏಪ್ರಿಲ್‌ನಿಂದ ಬಂದದ್ದು. ಹಿಡಿದ ಹಣ ಕೈಬಿಟ್ಟು ಹೋಗುವುದಿಲ್ಲ, ಆದಾಯ ತೆರಿಗೆಯ ಲೆಕ್ಕ ಸಲ್ಲಿಸಿದರೆ ಹೊಂದಿಸಿಕೊಳ್ಳಬಹುದು ಅಥವಾ ಹಿಂದಕ್ಕೆ ಪಡೆಯಬಹುದು. ಆದರೆ 30 ಲಕ್ಷ ಕಳಿಸುವವನು ಹೆಚ್ಚುವರಿ 4 ಲಕ್ಷ ರೂಪಾಯಿ ಸದ್ಯಕ್ಕೆ ಕಟ್ಟಬೇಕು ಎಂಬುದು ಮೊದಲೇ ಗೊತ್ತಿರಬೇಕು.

ಈ 20 ಪಾಲು ಉಳಿಸಲು ಹವಾಲ ಹಿಡಿಯುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ವ್ಯಾಪಾರಸ್ಥನಿಗೆ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹಾಗೆ ಬಂದ ಹಣಕ್ಕೆ ಹುಟ್ಟಿಲ್ಲ. ಬ್ಯಾಂಕಿನವರು, ವೀಸಾ ಅಧಿಕಾರಿಗಳು ಈ ಬಂಡವಾಳ ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸಲು ಚೀಟಿಯಿಲ್ಲ. ನಾಳೆ ಪಾಲುದಾರ ತಕರಾರು ತೆಗೆದರೆ ನೀನು ಹಣ ಹಾಕಿದ್ದೇ ಸುಳ್ಳು ಎನ್ನಬಹುದು. ಬ್ಯಾಂಕಿನ ರಸೀದಿ ಅಂಥ ವೇಳೆ ನಿಮ್ಮ ಪರವಾಗಿ ಮಾತನಾಡುತ್ತದೆ.

ಇನ್ನು ಕೊನೆಯದಾಗಿ ಭೂಮಿಯ ವಿಷಯ. ಆ ಹಿರಿಯರು ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ?

ನಮ್ಮ ಸಣ್ಣ ಬೆಳೆಗಾರರಿಗೆ ತೋಟ ಮಾರುವ ಆಸೆ ಏಕೆ ಬರುತ್ತದೆಂದು ನನಗೆ ಗೊತ್ತು. 1990ರ ದಶಕದ ಕೊನೆಯಲ್ಲಿ ಹಸಿ ಎಲೆಯ ಬೆಲೆ ಬಿದ್ದದ್ದು ಆಮೇಲೆ ನೆಟ್ಟಗೆ ನಿಲ್ಲಲೇ ಇಲ್ಲ. ಚೀಲ ಹೊರುವ ಕೂಲಿಯೂ ಹುಟ್ಟದ ವಾರಗಳಿವೆ. ಅದೇ ಹಣ ದುಬೈಯಲ್ಲಿ ಹೋಟೆಲಾದರೆ ಎಂದು ಮನಸ್ಸು ಹೇಳುತ್ತದೆ. ಆದರೆ ಒಂದು ನಿಯಮವನ್ನು ಎಲ್ಲರೂ ತಿಳಿದಿರಬೇಕು. ಹೊರದೇಶದಲ್ಲಿ ನೆಲೆಸಿದ ಭಾರತೀಯ ಇಲ್ಲಿ ಮನೆ ಕೊಳ್ಳಬಹುದು, ಅಂಗಡಿ ಕೊಳ್ಳಬಹುದು. ಕೃಷಿ ಭೂಮಿಯನ್ನಾಗಲಿ ಟೀ, ಕಾಫಿ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಅಲ್ಲಿಯ ಪೌರತ್ವ ತೆಗೆದುಕೊಂಡು ಓ.ಸಿ.ಐ. ಕಾರ್ಡು ಹಿಡಿದವನಿಗೂ ಇದೇ ನಿಯಮ. ಆದರೆ ಇಲ್ಲಿದ್ದಾಗ ಕೊಂಡದ್ದನ್ನು ಇಟ್ಟುಕೊಳ್ಳಬಹುದು, ತಂದೆತಾಯಿಯಿಂದ ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು. ಇದರ ಅರ್ಥವೇನು? ಹೊರದೇಶದಲ್ಲಿರುವ ಮಗನಿಗಾಗಿ ಮಾರಿದ ತೋಟವನ್ನು ಅವನು ಅಲ್ಲಿ ಕೋಟಿ ಗಳಿಸಿದರೂ ಅಲ್ಲಿರುವಷ್ಟು ಕಾಲ ಮತ್ತೆ ಕೊಳ್ಳಲಾರ. ಮಾರದೆ ಉಳಿಸಿದರೆ ಅದು ಎಲ್ಲಿದ್ದರೂ ಅವನಿಗೆ ಬರುತ್ತದೆ.

ಗೂಡಲೂರು ಕಡೆಯವರಿಗೆ ಇನ್ನೊಂದು ತೊಡಕು. 1969ರ ಜನ್ಮಂ ಎಸ್ಟೇಟು ರದ್ದತಿ ಕಾಯಿದೆಯ ತಕರಾರು ಮುಗಿಯದೆ ಎಷ್ಟೋ ಜಮೀನುಗಳಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದ ಜಮೀನಿನ ಮೇಲೆ ಬ್ಯಾಂಕು ಸಾಲ ಕೊಡುವುದು ಕಷ್ಟ. ಬಿಳಿ ಹಾಳೆಯ ಮೇಲೆ ಬರೆದು ಮಾರಿದರೆ ಸಿಗುವುದು ಅರ್ಧ ಬೆಲೆ. ಆ ಅರ್ಧ ಬೆಲೆಯ ಬಂಡವಾಳದಲ್ಲಿ, ಅಲ್ಲಿಯೂ ಇನ್ನೊಬ್ಬರ ಹೆಸರಿನ ಲೈಸೆನ್ಸಿನ ಮೇಲೆ ಹೋಟೆಲು ಹಾಕಿದರೆ, ಇಲ್ಲಿಯೂ ಕಾಗದವಿಲ್ಲ, ಅಲ್ಲಿಯೂ ಕಾಗದವಿಲ್ಲ ಎಂದಾಗುತ್ತದೆ.

ಹಾಗಾದರೆ ಹೋಗಲೇಬಾರದೇ? ಹೋಗಬಹುದು. ನಮ್ಮ ಹುಡುಗರಿಗೆ ಇರುವ ಒಂದು ಆಸ್ತಿಯನ್ನು ಇಲ್ಲಿ ಹೇಳಲೇಬೇಕು. ಗಡಿಯ ಹಳ್ಳಿಯಲ್ಲಿ ಹುಟ್ಟಿದವನು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಪೇಟೆಯಲ್ಲಿ ಮಲಯಾಳ ಆಡುತ್ತಾ ಬೆಳೆಯುತ್ತಾನೆ. ಬಡಗರ ಮನೆಗೆ ಹೋದರೆ ಅವರ ಮಾತೂ ಅರ್ಥವಾಗುತ್ತದೆ. ಕೊಲ್ಲಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕುಳಿತವನಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇಕೇ? ಮಂಗಳೂರಿನವನು ಬಂದರೂ, ಮಧುರೆಯವನು ಬಂದರೂ, ಮಲಪ್ಪುರದವನು ಬಂದರೂ ಅವರವರ ಮಾತಿನಲ್ಲೇ ಕೂರಿಸಿ ಮಾತನಾಡಿಸಬಲ್ಲ. ಎರಡು ಭಾಷೆಯ ನಡುವೆ ಬಿದ್ದೆವಲ್ಲ ಎಂದು ನಾವು ಕೆಲವು ಸಲ ಕೊರಗುತ್ತೇವೆ. ಅಂಗಡಿ ಇಟ್ಟ ದಿನ ಅದರ ಬೆಲೆ ತಿಳಿಯುತ್ತದೆ.

ಆದ್ದರಿಂದ ಮರುದಿನ ಆ ಹಿರಿಯರು ಬಂದಾಗ ನಾನು ಅವರ ಮಗನಿಗೇ ಫೋನು ಮಾಡಿಸಿದೆ. ಸ್ಪೀಕರಿನಲ್ಲಿ ಹಾಕಿ ಮೂವರೂ ಮಾತನಾಡಿದೆವು. ನಾನು ಅವನಿಗೆ ಕೇಳಿದ್ದು ಐದು ಪ್ರಶ್ನೆ. ಲೈಸೆನ್ಸು ಯಾರ ಹೆಸರಿನಲ್ಲಿ? ಬಾಡಿಗೆ ಕರಾರಿಗೆ ಯಾರ ಸಹಿ? ಬ್ಯಾಂಕಿನ ಖಾತೆಯಿಂದ ಹಣ ತೆಗೆಯುವವರು ಯಾರು? ಮೊದಲ ಒಂದು ವರ್ಷ ಲಾಭವೇ ಬರದಿದ್ದರೆ ಹೆಂಡತಿ ಮಕ್ಕಳ ಖರ್ಚಿಗೆ ಏನಿದೆ? ನಿನಗೆ ಕಾಯಿಲೆಯಾಗಿ ಮಲಗಿದರೆ ಈ ಕಾಗದಗಳು ಎಲ್ಲಿವೆ ಎಂದು ಮನೆಯಲ್ಲಿ ಯಾರಿಗೆ ಗೊತ್ತು?

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಹುಡುಗ ಹೇಳಿದ: "ಲೈಸೆನ್ಸು ನಮ್ಮ ಮುದಲಾಳಿಯ ಸ್ನೇಹಿತರದು, ಮಾಮ. ಅವರು ಬಹಳ ನಂಬಿಕಸ್ಥರು."

"ನಮ್ಮ ಅಣ್ಣನ ಯಜಮಾನರೂ ನಂಬಿಕಸ್ಥರೇ ಆಗಿದ್ದರು ಕಣಪ್ಪ" ಎಂದು ಆ ಹನ್ನೊಂದು ವರ್ಷದ ಕಥೆ ಹೇಳಿದೆ. ತಂದೆ ಒಂದು ಮಾತೂ ಆಡದೆ ಕೇಳುತ್ತಾ ಕುಳಿತಿದ್ದರು.

ಕೊನೆಗೆ ಅವರಲ್ಲೇ ಒಂದು ತೀರ್ಮಾನವಾಯಿತು. ತೋಟ ಮಾರುವುದಿಲ್ಲ. ಮಗ ಇನ್ನೂ ಎರಡು ವರ್ಷ ಸಂಬಳದಲ್ಲೇ ಇದ್ದು, ಅಡುಗೆಮನೆಯಿಂದ ಗಲ್ಲಾಕ್ಕೆ ಬಂದು, ಸರಕು ಕೊಳ್ಳುವುದು, ಲೆಕ್ಕ ಬರೆಯುವುದನ್ನು ಕಲಿಯುವುದು. ಅವನ ಉಳಿತಾಯ ಎನ್.ಆರ್.ಇ. ಖಾತೆಯಲ್ಲಿ ಬೆಳೆಯಲಿ, ಬೇಕಾದಾಗ ಅದನ್ನು ಅಡ್ಡಿಯಿಲ್ಲದೆ ಅಲ್ಲಿಗೆ ಹಿಂದಕ್ಕೆ ಒಯ್ಯಬಹುದು. ಅಂಗಡಿ ಇಡುವುದಾದರೆ ಸಣ್ಣದೇ ಆಗಲಿ, ಅವನ ಹೆಸರಿನಲ್ಲೇ ಇರಬೇಕು. ಎಲ್ಲ ಕಾಗದದ ಒಂದೊಂದು ಪ್ರತಿ ಊರಿನ ಮನೆಯಲ್ಲಿ ಹೆಂಡತಿಯ ಕೈಯಲ್ಲಿರಬೇಕು. ಇದೇ ಸರಿಯಾದ ದಾರಿ ಎಂದು ನಾನು ಹೇಳಲಾರೆ. ಬೇರೆ ಮನೆಗೆ ಬೇರೆ ಲೆಕ್ಕ ಇರಬಹುದು. ಆದರೆ ಆ ಐದು ಪ್ರಶ್ನೆ ಮಾತ್ರ ಹೊರಡುವ ಎಲ್ಲರೂ ಹೊರಡುವ ಮೊದಲೇ ಕೇಳಿಕೊಳ್ಳಬೇಕಾದವು.

ಮೊನ್ನೆ ಗೂಡಲೂರು ಬಸ್ ನಿಲ್ದಾಣದಲ್ಲಿ ಆ ಹಿರಿಯರು ಸಿಕ್ಕಿದರು. ಮಗ ಈಗ ಗಲ್ಲಾದಲ್ಲಿ ಕೂರುತ್ತಿದ್ದಾನಂತೆ. ತೋಟಕ್ಕೆ ಗೊಬ್ಬರ ಕೊಂಡು ಹೊರಟಿದ್ದರು. "ಎಲೆಗೆ ಬೆಲೆ ಇಲ್ಲ ಸಾರ್, ಆದ್ರೂ ಗಿಡಕ್ಕೆ ಏನ್ ಗೊತ್ತು" ಎಂದು ನಕ್ಕು ಚೀಲವನ್ನು ಬಸ್ಸಿಗೆ ಹಾಕಿದರು.

ತಮ್ಮ ಮನೆಯಲ್ಲಿಯೂ ಇಂಥ ಮಾತು ಎದ್ದಿದ್ದರೆ, ಇಂದು ರಾತ್ರಿ ಊಟವಾದ ಮೇಲೆ ಆ ಐದು ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದು ದೂರದಲ್ಲಿರುವ ಮಗನಿಗೆ, ತಮ್ಮನಿಗೆ, ಅಳಿಯನಿಗೆ ಓದಿ ಹೇಳಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.